ಹಿಡಿದಿಟ್ಟ ಉಸಿರು

ಭಾನುವಾರ

ಪ್ರೀತಿಯ ಅಕ್ಕಾ,

ನಿನ್ನ ಪತ್ರ ಬಂದು ತಿಂಗಳಾಯಿತು. ಚೆನ್ನಾಗಿ ಬೈದುಕೊಂಡಿರುತ್ತೀಯ, ಬೈದುಕೋ. ನಾವೆಲ್ಲ ಕ್ಷೇಮ ಎಂದು ಬರೆಯಲು ಎರಡು ಸಲ ಕೂತು ಎದ್ದೆ.

ಎಕ್ಸ್‌ರೇ ತೆಗೆದು ತೆಗೆದು ಕೂದಲು ನರೆತ ಮೇಲೆ ಈಗ ಸಿ.ಟಿ. ಸ್ಕ್ಯಾನ್ ಕಲಿಯುತ್ತಿದ್ದೇನೆ. ಕಲಿಸುವ ಸೀನಿಯರ್ ನನಗಿಂತ ಚಿಕ್ಕವನು, ಮೂಗಿನ ತುದಿಯಲ್ಲೇ ಕೋಪ. "ರೋಗಿ ನೋಡೋದು ನಿಮ್ಮ ಮುಖಾನೇ. ಏನೇ ಕಂಡ್ರೂ ತೋರಿಸ್ಬೇಡಿ. ಹೇಳೋದು ಡಾಕ್ಟರ್ ಕೆಲಸ" ಎಂಬುದು ಅವನ ಮೊದಲ ಪಾಠ. ಅವನು ಸಹಿ ಹಾಕಿದರೆ ನಾನೊಬ್ಬಳೇ ಯಂತ್ರದ ಮುಂದೆ ಕೂರಬಹುದು, ಇಲ್ಲವಾದರೆ ವಾಪಸ್ಸು ಎಕ್ಸ್‌ರೇ ಕೋಣೆ.

ಶುಕ್ರವಾರ ಒಬ್ಬರು ವಯಸ್ಸಾದವರು ಎದೆಯ ಸ್ಕ್ಯಾನ್‌ಗೆ ಬಂದರು. ಕೈಗಳನ್ನು ತಲೆಯ ಮೇಲಕ್ಕೆ ಇಡಿಸಿ, ಮೊಣಕಾಲ ಕೆಳಗೆ ದಿಂಬು ಕೊಟ್ಟು, ಗಾಜಿನ ಈಚೆ ಬಂದು ಕೂತೆ. ಯಂತ್ರದ ರೆಕಾರ್ಡಿಂಗ್ ದನಿ ಅವರಿಗೆ ಅರ್ಥವಾಗದೆಂದು ಮೈಕಿನಲ್ಲಿ ನಾನೇ ಹೇಳಿದೆ: "ಜೋರಾಗಿ ಉಸಿರು ಎಳ್ಕೊಳ್ಳಿ. ಹಾಗೇ ಹಿಡ್ಕೊಳ್ಳಿ." ಪರದೆಯ ಮೇಲೆ ಒಂದೊಂದಾಗಿ ಚಿತ್ರಗಳು ಬಂದವು. ನಾನು ನೋಡುತ್ತ ಕೂತುಬಿಟ್ಟೆ. ಸ್ಕ್ಯಾನ್ ಮುಗಿದದ್ದೂ ಗೊತ್ತಾಗಲಿಲ್ಲ.

"ಉಸಿರು ಬಿಡೋಕೆ ಹೇಳ್ರೀ!" ಸೀನಿಯರ್ ಕಿರುಚಿ, ನನ್ನನ್ನು ಸರಿಸಿ ತಾನೇ ಮೈಕ್ ಒತ್ತಿದ.

ಒಳಗೆ ಓಡಿದೆ. ಅವರ ಮುಖ ಕೆಂಪಾಗಿತ್ತು, ಕಾಲ್ಬೆರಳುಗಳು ಮುದುರಿಕೊಂಡಿದ್ದವು. ಕೆಮ್ಮು ನಿಂತ ಮೇಲೆ, "ನೀವು ಬಿಡಿ ಅಂತ ಹೇಳ್ಲೇ ಇಲ್ವಲ್ಲ ಮೇಡಂ" ಎಂದು ನಕ್ಕರು.

"ಇಷ್ಟು ವರ್ಷದ ಅನುಭವ, ಎಲ್ಲಿತ್ರೀ ನಿಮ್ಮ ಗಮನ?" ಎಂದ ಸೀನಿಯರ್. ಸಹಿ ಹಾಕಲಿಲ್ಲ. ಹೋಗಲಿ, ಅವನ ಮೇಲೆ ಸಿಟ್ಟಿಲ್ಲ.

ಭಾವನಿಗೆ ನಮಸ್ಕಾರ, ಮಕ್ಕಳಿಗೆ ಮುತ್ತು. ನನಗೊಂದಿಷ್ಟು ಆಶೀರ್ವಾದ ಕಳಿಸು, ಈ ಸಲ ಬಾಯಿಮಾತಿಗೆ ಕೇಳುತ್ತಿಲ್ಲ.

ಸದಾ ನಿನ್ನ ಹಿಂದೆ ಅಲೆದ
ಬಾಲ

ತಾ.ಕ.: ನನ್ನನ್ನು ಮೇಡಂ ಎಂದವರು ನಮ್ಮಪ್ಪ. "ಮಗಳು ಅಂತ ಗೊತ್ತಾದ್ರೆ ನಿನ್ನ ಅಲ್ಲಿಂದ ಎಬ್ಬಿಸಿಬಿಡ್ತಾರೆ. ನಂಗೆ ನೀನೇ ಬೇಕು, ಬಾಯ್ಮುಚ್ಕೊಂಡಿರು" ಎಂದು ಮನೆಯಲ್ಲೇ ತಾಕೀತು ಮಾಡಿದ್ದರು. ಜನ್ಮದಲ್ಲಿ ಯಾರ ಮಾತನ್ನೂ ಕೇಳದ ಮನುಷ್ಯ ನನ್ನೊಂದು ಮಾತಿಗೆ ಹಾಗೆ ಉಸಿರು ಹಿಡಿದು ಮಲಗಿದ್ದರು ಕಣೇ. ಮನೆಗೆ ಬರುವಾಗ ಬಸ್ಸಿನಲ್ಲಿ, "ಏನಾದ್ರೂ ಕಾಣಿಸ್ತಾ?" ಎಂದು ಕೇಳಿದರು. "ಡಾಕ್ಟರ್ ಹೇಳ್ತಾರೆ ಅಪ್ಪ" ಎಂದೆ. ಅವರು ನನ್ನ ಬೆನ್ನು ಸವರಿದರು. ವರದಿ ಇನ್ನೂ ಬಂದಿಲ್ಲ. ನಿನಗೂ ನಾನು ಏನೂ ಹೇಳುವ ಹಾಗಿಲ್ಲ. ನೀನು ಹೊರಟು ಬಾ.