ಕರಗದೆ ಉಳಿದ ನಳಿಗೆ

ಬಿಸಿಲುಹೊಲ ವಸತಿ, ಲಿಂಗಸುಗೂರು
ಇಸವಿ ೨೧೯೪, ಎರಡನೆಯ ಬೇಸಿಗೆ

ಮೂತ್ರನಾಳದ ಸ್ಟೆಂಟನ್ನು ಹಿಂಸೆಯಿಲ್ಲದೆ ತೆಗೆಯುವ ದಾರಿ ಹುಡುಕುತ್ತಿರುವ ಹಿರಿಯರಿಗೆ,

ಈ ತಾರೀಖು ನಿಮಗೆ ಸುಳ್ಳೆನಿಸಬಹುದು, ನನ್ನ ಕೆಲವು ಪದಗಳು ಅಪರಿಚಿತವೆನಿಸಬಹುದು. ಕ್ಷಮಿಸಿ. ನಮ್ಮಲ್ಲಿ ಬೇಸಿಗೆ ವರ್ಷಕ್ಕೆರಡು ಸಲ ಬರುತ್ತದೆ. ಬಿಸಿಲುಹೊಲವೆಂದರೆ ಕಣ್ಣು ಹಾಯುವವರೆಗೂ ಸೌರಫಲಕ ನೆಟ್ಟಿರುವ ಬಯಲು. ನನ್ನ ಚಿಗವ್ವ ಹುಲಿಗೆಮ್ಮ ಅಲ್ಲಿ ಫಲಕ ಒರೆಸುತ್ತಾಳೆ. ಹೆಂಗಸರು ತಲೆಗೆ ಒದ್ದೆ ಬಟ್ಟೆ ಸುತ್ತಿಕೊಂಡು ಸಾಲುಗಳ ನಡುವೆ ಇಳಿದರೆ ಸಂಜೆಯವರೆಗೆ ಮೇಲೇಳುವುದಿಲ್ಲ. ಫಲಕ ತೊಳೆಯಲು ನೀರಿನ ಕೊಳಾಯಿಗಳಿವೆ, ಹೆಂಗಸರಿಗೆ ಶೌಚಾಲಯವಿಲ್ಲ, ಮರೆಗೊಂದು ಗಿಡವೂ ಇಲ್ಲ. ಆದ್ದರಿಂದ ಅವರು ಬಾಯಿ ಒದ್ದೆ ಮಾಡಿಕೊಂಡು ಉಗುಳುತ್ತಾರೆ, ಕುಡಿಯುವುದಿಲ್ಲ. ಮೂತ್ರಪಿಂಡದ ಹರಳು ಕಾಡದ ಮನೆ ನಮ್ಮ ವಸತಿಯಲ್ಲಿಲ್ಲ.

ನಿಮ್ಮ ಕಾಲದಲ್ಲಿ ಹರಳು ತೆಗೆದ ಮೇಲೆ ಮೂತ್ರ ಕಟ್ಟದಿರಲೆಂದು ಒಳಗೆ ಸ್ಟೆಂಟ್ ಎಂಬ ಸಣ್ಣ ನಳಿಗೆ ಇಟ್ಟು, ಆಮೇಲೆ ಕ್ಯಾಮೆರಾದ ಕೊಳವೆ ತೂರಿಸಿ ಚಿಮಟದಿಂದ ಎಳೆಯುತ್ತಿದ್ದರೆಂದು ಬಿಸಿಲುಹೊಲದ ಹೆಂಗಸರ ಸಂಘದ ಕರಪತ್ರಗಳಲ್ಲಿ ಓದಿದ್ದೇನೆ. ಆ ನೋವಿಗೆ, ನಾಚಿಕೆಗೆ ಹೆದರಿ ಮರಳಿ ಹೋಗದವರು ಮೂತ್ರಪಿಂಡವನ್ನೇ ಕಳೆದುಕೊಂಡರಂತೆ. ನೀವು ಸುಮ್ಮನೆ ಕೂರಲಿಲ್ಲ. ಕ್ಯಾಮೆರಾ ತೂರಿಸದೆ ಹೊರಗಿನಿಂದಲೇ ಎಳೆದು ತೆಗೆಯಲೆಂದು ಸ್ಟೆಂಟಿನ ತುದಿಗೆ ನೂಲು ಕಟ್ಟಿದಿರಿ, ಆಯಸ್ಕಾಂತ ಜೋಡಿಸಿದಿರಿ. ನಿಮ್ಮ ನಂತರದವರು ಕರಗುನಳಿಗೆ ಮಾಡಿದರು. ಕೆಲಸ ಮುಗಿದ ಮೇಲೆ ತಾನೇ ಕರಗಿ ಮೂತ್ರದಲ್ಲಿ ಹೋಗುವ ಸ್ಟೆಂಟ್ ಅದು. ಅದು ಬಂದದ್ದೇ ತಡ, ನೂಲು, ಆಯಸ್ಕಾಂತ ಎರಡನ್ನೂ ಕೈಬಿಟ್ಟರು.

ಹರಳು ತೆಗೆದ ಮೇಲೆ ಚಿಗವ್ವನಿಗೆ ಹಾಕಿದ ಕರಗುನಳಿಗೆ ಕರಗಲಿಲ್ಲ. ಅದನ್ನು ಪರೀಕ್ಷಿಸಿದ್ದು ತಂಪು ಊರುಗಳಲ್ಲಿ, ಚೊಂಬುಗಟ್ಟಲೆ ನೀರು ಕುಡಿಯುವವರ ಮೇಲೆ. ನೀರಿಲ್ಲದ ಮೈಯಲ್ಲಿ ಅದು ಸುಣ್ಣ ಕಟ್ಟಿ ಗಟ್ಟಿಯಾಗುತ್ತದೆಂದು ಯಾರೂ ಯೋಚಿಸಲಿಲ್ಲ.

"ನೀರು ಕುಡೀಬೇಕಿತ್ತಲ್ಲಮ್ಮಾ" ಎಂದರು ಆಸ್ಪತ್ರೆಯ ಡಾಕ್ಟರು.

"ಕುಡದು ಎಲ್ಲಿಗಿ ಹೋಗ್ಲಿ ಸಾಹೇಬ್ರ, ನಿಮ್ಮ ಮನಿಗಿ ಬರ್ಲೇನು?" ಎಂದಳು ಚಿಗವ್ವ.

ಹೊರಗೆ ಕೂತಿದ್ದ ಹೆಂಗಸರೆಲ್ಲ ನಕ್ಕರು. ಡಾಕ್ಟರು ನಗಲಿಲ್ಲ. ಬೇಗ ತೆಗೆಯದಿದ್ದರೆ ಎಡ ಮೂತ್ರಪಿಂಡ ಹೋಗುತ್ತದೆ, ಇಲ್ಲಿ ಉಳಿದಿರುವುದು ಹಳೆಯ ಚಿಮಟ ಮಾತ್ರ ಎಂದರು. ಅದನ್ನು ಬಳಸುವುದು ನಾಲ್ಕು ಮಂಚಗಳ ತೆರೆದ ಕೋಣೆಯಲ್ಲಿ. ಚಿಗವ್ವ ಎದ್ದು ಮನೆಗೆ ಬಂದಳು.

"ಕಿಡ್ನಿ ಹೋದ್ರ ಹೋಗ್ಲಿ. ಊರ ಮುಂದ ಕಾಲ ಅಗಲ ಮಾಡಿ ಮಲಗಂಗಿಲ್ಲ ನಾ."

ನನಗೆ ಅವಳ ಮೇಲೆ ಸಿಟ್ಟು ಬರಲಿಲ್ಲ. ಇಷ್ಟು ವರ್ಷಗಳ ವಿಜ್ಞಾನ ಅವಳನ್ನು ಮತ್ತೆ ಅದೇ ಮಂಚದ ಮುಂದೆ ತಂದು ನಿಲ್ಲಿಸಿತಲ್ಲ ಎಂದು ಸಿಟ್ಟು ಬಂತು.

ಹಿರಿಯರೇ, ನಿಮ್ಮ ಕೆಲಸ ನಿಲ್ಲಿಸಬೇಡಿ. ನೋವು ಕಡಿಮೆ ಮಾಡುವುದು ಐಷಾರಾಮವಲ್ಲ. ನೋವಿಗೆ ಹೆದರಿ ಬಾರದವರಿಗೆ ಅದೇ ಚಿಕಿತ್ಸೆ. ಆದರೆ ನಿಮ್ಮ ಹೊಸ ಸ್ಟೆಂಟನ್ನು ಬಿಸಿಲಲ್ಲಿ ದುಡಿಯುವವರ, ನೀರು ಕುಡಿಯಲು ಅಂಜುವ ಹೆಂಗಸರ ಮೈಯಲ್ಲಿ ನೋಡದೆ ಗೆದ್ದೆವೆನ್ನಬೇಡಿ. ಅಲ್ಲಿಯವರೆಗೆ ಹಳೆಯ ನೂಲನ್ನು ಎಸೆಯಬೇಡಿ. ಸ್ಟೆಂಟ್ ತೆಗೆಯುವ ಹೊತ್ತಿಗೆ ಅದರ ತುದಿ ಆ ಹೆಂಗಸಿನ ಕೈಯಲ್ಲೇ ಇರಲಿ.

ಮೂರು ದಿನ ನಾನು ಮಾತಾಡಿದ ಮೇಲೆ ಚಿಗವ್ವ ಎರಡು ಷರತ್ತು ಹಾಕಿ ಚಿಮಟಕ್ಕೆ ಒಪ್ಪಿದ್ದಾಳೆ: ಬಾಗಿಲು ಮುಚ್ಚಿರಬೇಕು, ಒಳಗೆ ಅವಳ ಕೈ ಹಿಡಿದು ನಾನಿರಬೇಕು. ಎರಡಕ್ಕೂ ಅವಕಾಶವಿಲ್ಲವೆಂದು ಆಸ್ಪತ್ರೆ ಹೇಳಿಕಳಿಸಿದೆ. ಬಿಸಿಲುಹೊಲದ ಹೆಂಗಸರು ಇವತ್ತು ಫಲಕ ಒರೆಸಲು ಹೋಗಿಲ್ಲ. ಎಲ್ಲರೂ ನಮ್ಮ ಅಂಗಳದಲ್ಲಿ ಸೇರಿದ್ದಾರೆ, ಚಿಗವ್ವ ಚಪ್ಪಲಿ ಮೆಟ್ಟುತ್ತಿದ್ದಾಳೆ. ಆ ಎರಡನ್ನೂ ಕೇಳಿ ಪಡೆಯಲು ಎಲ್ಲರೂ ಆಸ್ಪತ್ರೆಗೆ ಹೊರಟಿದ್ದೇವೆ.

ನಿಮ್ಮ ಮುಂದಿನವಳು,
ಶಾಂಭವಿ