ಸೀತೆಯಾಗಿ ನಿಂತವಳು

೧೪ ನವೆಂಬರ್ ೧೯೩೮, ಸೋಮವಾರ. ಹೊಳೆನರಸೀಪುರ.

ಅತ್ತೆ ಕೇಳಿದ ಆ ಪ್ರಶ್ನೆ ನನಗೇಕೆ ಹೊಳೆಯಲಿಲ್ಲವೋ. ಬೆಳಗಿನ ರೈಲಿಗೆ ಅವರನ್ನು ಮೈಸೂರಿಗೆ ಕರೆದುಕೊಂಡು ಹೋಗಿ, ಜಗನ್ಮೋಹನ ಅರಮನೆಯಲ್ಲಿ ರವಿವರ್ಮನ ಚಿತ್ರಗಳನ್ನು ತೋರಿಸಿದೆ. ಉಳಿದದ್ದನ್ನೆಲ್ಲ ದಾಟಿ ಬಂದವರು ಸೀತೆಯ ಚಿತ್ರದ ಮುಂದೆ ನಿಂತುಬಿಟ್ಟರು. ಕಾವಲಿನವನನ್ನು ಕೇಳಿದರು.

“ಎದುರಿಗೆ ಯಾರನ್ನ ನಿಲ್ಲಿಸ್ಕಂಡು ಬರೆದ್ರಪ್ಪ ಇದನ್ನ?”

“ಗೊತ್ತಿಲ್ಲ ಕಣವ್ವ. ಚೀಟೀಲಿ ಬರೆದೋರ ಹೆಸರು ಮಾತ್ರ ಅದೆ.”

ಅತ್ತೆ ಕೈಮುಗಿದರು. ದೇವರಿಗೆ ಅಂದುಕೊಂಡೆ.

“ಸೀತಮ್ಮಂಗಲ್ಲ ಕಣಮ್ಮಿ. ಅಷ್ಟೊತ್ತು ಕದಲ್ದಂಗೆ ನಿಂತಿದ್ಲಲ್ಲ, ಆ ಹೆಣ್ಮಗ್ಳಿಗೆ. ಕಾಲು ಎಷ್ಟು ನೊಂದಿದ್ವೋ.”

ವಾಪಸು ಬರುವಾಗ ರೈಲಿನಲ್ಲಿ ನಾವಿಬ್ಬರೂ ಸೇರಿ ಅವಳಿಗೊಂದು ಊರು, ಗಂಡ, ಇಬ್ಬರು ಮಕ್ಕಳನ್ನು ಕೊಟ್ಟೆವು. ಹೆಸರು ಮಾತ್ರ ಕೂಡಿಬರಲಿಲ್ಲ. ಅತ್ತೆ ನಿಂಗಮ್ಮ ಅಂದರು. ನಾನು ಇನ್ನೂ ಯೋಚಿಸುತ್ತಿದ್ದೇನೆ.