ನಕಲು ಗುಹೆಯ ಕೆಂಪು ಹಸು

ಶೆಟಗೇರಿ, ಅಂಕೋಲಾ ತಾಲೂಕು
೨೪ ಅಕ್ಟೋಬರ್ ೨೦೨೫

ಪ್ರೀತಿಯ ಮಗಳು ವೀಣಾಳಿಗೆ,

ಹೇಗಿದ್ದೀಯೇ? ಅಲ್ಲಿ ಚಳಿ ಶುರುವಾಗಿರಬೇಕು. ಹೋಟೆಲಿನ ಅಡುಗೆಮನೆಯ ಬಿಸಿಯಿಂದ ಸೀದಾ ಹೊರಗೆ ಬರಬೇಡ, ಕಿವಿಗೆ ಬಟ್ಟೆ ಕಟ್ಟಿಕೋ. ನನ್ನ ಮಂಡಿ ಪರವಾಗಿಲ್ಲ. ಫ್ರಾನ್ಸಿನಲ್ಲಿ ನೀನು ಐದು ಕೋಟೆ ಹತ್ತಿಸಿ ಇಳಿಸಿದ ಮೇಲೂ ಗದ್ದೆಗೆ ಹೋಗಿ ಬರುತ್ತಿದ್ದೇನೆ. ಅಪ್ಪನ ಕೆಮ್ಮು ಕಡಿಮೆಯಾಗಿದೆ, ಮಾತು ಕಡಿಮೆಯಾಗಿಲ್ಲ. ನಾನು ನಿನ್ನಲ್ಲಿಂದ ಬಂದು ತಿಂಗಳಾಯಿತು. ಅಂದಿನಿಂದ ನೀನು ಫೋನಿನಲ್ಲಿ ಎರಡು ಮಾತಾಡಿ "ಕೆಲ್ಸ ಉಂಟು" ಎಂದು ಇಟ್ಟುಬಿಡುತ್ತೀ. ಗುಹೆಯಲ್ಲಿ ಆದದ್ದು ನಿನಗೆ ಇನ್ನೂ ಚುಚ್ಚುತ್ತಿದೆ ಎಂದು ನನಗೆ ಗೊತ್ತು. ನಾನು ಆ ಮಾತು ತೆಗೆದರೆ ನೀನು ಬೇರೆ ಮಾತು ತೆಗೆಯುತ್ತೀ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ, ಕೊನೆಯವರೆಗೆ ಓದು.

ನನ್ನ ಫ್ರಾನ್ಸಿನ ಕಥೆಯನ್ನು ಊರಿಗೆ ಮೊದಲು ಹೇಳಿದವರು ನಿನ್ನ ಅಪ್ಪ. ದೀಪಾವಳಿ ಪಾಡ್ಯದ ಹಿಂದಿನ ಸಂಜೆ, ನಮ್ಮ ಜಗಲಿಯಲ್ಲಿ. ಹೋದವಳು ನಾನು, ಹೇಳುವವರು ಅವರು! ನಿನ್ನ ಹೋಟೆಲು ಇರುವ ಹಳೆಯ ಕೋಟೆಯ ಗೋಡೆ ಎರಡಾಳು ದಪ್ಪ ಎಂದು ನಾನು ಹೇಳಿದ್ದು ಅವರ ಬಾಯಲ್ಲಿ ನಾಲ್ಕಾಳು ದಪ್ಪವಾಯಿತು. ಹಳೆಯ ರಾಜರ ಒಲೆಯೊಳಗೆ ಜೋಡೆತ್ತು ನಿಲ್ಲುತ್ತವೆ ಎಂದರು. ಪಕ್ಕದ ಮನೆಯ ಬೊಮ್ಮಣ್ಣ ಎಷ್ಟು ಹೊತ್ತು ಸಹಿಸಿಯಾನು? "ಏ ಸುಕ್ರಣ್ಣ, ನೀನು ಮಾಜಾಳಿ ಗಡಿ ದಾಟಿದ್ದು ಯಾವಾಗ ಮಾರಾಯಾ? ಅತ್ಗೆ ಹೇಳ್ಲಿ ಬಿಡು" ಎಂದ. ಹಾಗೆ ಕಥೆ ನನ್ನ ಕೈಗೆ ಬಂತು.

ಕೋಟೆಗಳನ್ನು ಬೇಗ ಮುಗಿಸಿದೆ. ನಮ್ಮ ಸದಾಶಿವಗಡದಲ್ಲಿ ಗೋಡೆ ಬಿದ್ದಲ್ಲಿ ಮುಳ್ಳುಗಿಡ ಬೆಳೆದಿದೆ, ಅವರು ಬಿದ್ದ ಕಲ್ಲನ್ನೂ ಎತ್ತಿಟ್ಟು ಹೂವಿನ ಗಿಡ ನೆಟ್ಟಿದ್ದಾರೆ, ಅಷ್ಟೇ ವ್ಯತ್ಯಾಸ ಎಂದೆ. ಎಲ್ಲರಿಗೂ ಬೇಕಾಗಿದ್ದದ್ದು ಗುಹೆ. ಸಾವಿರಾರು ವರ್ಷಗಳ ಹಿಂದಿನ ಜನ ದೀಪ ಹಿಡಿದು ಕತ್ತಲೆಯೊಳಗೆ ಹೋಗಿ ಹಸು, ಕುದುರೆ, ಜಿಂಕೆ ಬರೆದದ್ದು, ನೋಡಲು ಬಂದವರ ಉಸಿರು ತಾಗಿಯೇ ಚಿತ್ರ ಕೆಡತೊಡಗಿದ್ದು, ಅದಕ್ಕೆ ನಿಜವಾದ ಗುಹೆಗೆ ಬೀಗ ಹಾಕಿ ಪಕ್ಕದಲ್ಲಿ ಅಂಥದ್ದೇ ಇನ್ನೊಂದು ಗುಹೆ ಕಟ್ಟಿದ್ದು, ಎಲ್ಲ ಹೇಳಿದೆ. ನಿನ್ನ ಹೋಟೆಲಿನವರ ಜೊತೆ ನಾವು ಹೋದದ್ದು ಆ ನಕಲು ಗುಹೆಗೆ. ಬಾಗಿಲಲ್ಲೇ ಚಪ್ಪಲಿ ಬಿಟ್ಟು ಒಳಗೆ ಹೋದವಳು ನಾನೊಬ್ಬಳೇ ಎಂದಾಗ ಜಗಲಿಯಲ್ಲಿ ಯಾರೂ ನಗಲಿಲ್ಲ. ಮತ್ತೆ ಬಿಡದೆ ಹೋಗುವುದು ಹೇಗೆ ಎಂಬಂತೆ ನೋಡಿದರು. ಒಳಗೆ ಗೋಡೆ ತುಂಬ ಕೆಂಪು ಹಸು. ಪಾಡ್ಯದ ದಿನ ಕೆಮ್ಮಣ್ಣು ಹಚ್ಚಿ ನಿಲ್ಲಿಸಿದ ನಮ್ಮ ಹಸು ಗೌರಿಯ ಹಾಗೆಯೇ, ಅದೇ ಬಣ್ಣ. ನಕಲು ಅನ್ನುವುದು ಆ ಹೊತ್ತಿಗೆ ಯಾರಿಗೆ ನೆನಪಿರುತ್ತದೆ? ನನ್ನ ಕೈ ತಾನಾಗಿ ಹೋಗಿ ಅದರ ಹೊಟ್ಟೆ ಮುಟ್ಟಿ ಕಣ್ಣಿಗೆ ಒತ್ತಿಕೊಂಡಿತು. ಗುಹೆ ತೋರಿಸುವ ಹುಡುಗಿ ಚೀರಿದಳು, ಇಪ್ಪತ್ತು ಜನ ತಿರುಗಿ ನನ್ನ ಬರಿಗಾಲು ನೋಡಿದರು, ಕೆಲವರು ನಕ್ಕರು.

ಕಥೆಯನ್ನು ಊರಲ್ಲಿ ಅಲ್ಲಿಗೇ ನಿಲ್ಲಿಸಿದೆ. ಮುಂದಿನದ್ದು ನಿನಗೂ ನನಗೂ ಮಾತ್ರ ಗೊತ್ತು. ಆ ಹುಡುಗಿ ನನ್ನನ್ನು ತೋರಿಸಿ, ಇವರು ನಿಮ್ಮ ತಾಯಿಯೇ ಎಂದು ನಿನ್ನನ್ನು ಕೇಳಿದಳು. ಭಾಷೆ ಬಾರದಿದ್ದರೂ ಅಷ್ಟು ತಿಳಿಯುತ್ತದೆ. ನೀನು ಅಲ್ಲವೆಂದು ತಲೆಯಾಡಿಸಿ ಮುಂದೆ ಹೋದೆ. ನಾನು ನೋಡಿದೆನೋ ಇಲ್ಲವೋ ಎಂದು ನೀನು ತಿಂಗಳಿಂದ ಒದ್ದಾಡುತ್ತಿದ್ದೀ. ನೋಡಿದೆ ಮಗಾ.

ಈಗ ಊರಿನ ಸುದ್ದಿ ಕೇಳು. ಬೊಮ್ಮಣ್ಣ ಟಿಲ್ಲರ್ ತಂದ ವರ್ಷವೇ ದನ ಮಾರಿದ್ದ. ಎರಡು ವರ್ಷದಿಂದ ಪಾಡ್ಯಕ್ಕೆ ಅವನ ಕೊಟ್ಟಿಗೆಯಲ್ಲಿ ಪೂಜೆಯಿಲ್ಲ, ಅವನ ಹೆಂಡತಿ ತಿಮ್ಮು ಕಣ್ಣು ಒರೆಸುತ್ತ ನಮ್ಮ ಗೌರಿಗೆ ಕಡುಬು ತರುತ್ತಿದ್ದಳು. ನನ್ನ ಕಥೆ ಕೇಳಿದ ಮರುದಿನ ಬೆಳಿಗ್ಗೆ ಗಂಡ ಹೆಂಡತಿ ಸೇರಿ ಖಾಲಿ ಕೊಟ್ಟಿಗೆಯ ಗೋಡೆ ಮೇಲೆ ಕೆಮ್ಮಣ್ಣಿನಲ್ಲಿ ಒಂದು ಹಸು ಬರೆದರು. ಕಾಲು ಗಿಡ್ಡ, ಹೊಟ್ಟೆ ದೊಡ್ಡದು, ಕೊಂಬು ಒಂದು ಮೇಲೆ ಒಂದು ಕೆಳಗೆ. "ಫ್ರಾನ್ಸಿನವ್ರಿಗೆ ನಕಲು ಆಗ್ತದೆ ಅಂದ್ರೆ ನಮ್ಗ್ಯಾಕೆ ಆಗೂದಿಲ್ಲ?" ಎಂದು ಬೊಮ್ಮಣ್ಣ ಮೊಳೆ ಹೊಡೆದು ಚೆಂಡುಹೂವಿನ ಮಾಲೆ ತೂಗಹಾಕಿದ. ಮೊದಲು ನಗುತ್ತ ಹೋದವರು ನಾವೇ. ಆಮೇಲೆ ಒಬ್ಬೊಬ್ಬರಾಗಿ ಚಪ್ಪಲಿ ಬಿಟ್ಟು ಒಳಗೆ ಹೋಗಿ, ಹಸುವಿನ ಹೊಟ್ಟೆ ಮುಟ್ಟಿ, ಕೈಯನ್ನು ಕಣ್ಣಿಗೆ ಒತ್ತಿಕೊಂಡೆವು. ಚೀರುವವರು ಯಾರೂ ಇರಲಿಲ್ಲ.

ಹೊಟ್ಟೆ ತುಂಬ ಉಣ್ಣು, ಊರವರಿಗೆ ಬೇಯಿಸಿ ನೀನು ಉಪವಾಸ ಬೀಳಬೇಡ. ದೇವರು ನಿನ್ನನ್ನು ಚೆನ್ನಾಗಿ ಇಟ್ಟಿರಲಿ. ಅಪ್ಪನ ಆಶೀರ್ವಾದ, ಬೊಮ್ಮಣ್ಣ ತಿಮ್ಮುವಿನ ನೆನಪುಗಳು.

ನಿನ್ನ ಅವ್ವ,
ರುಕ್ಮಿಣಿ

ಮತ್ತೆ: ಅಪ್ಪ ಪೋಸ್ಟಿಗೆ ಹೊರಟು ನಿಂತಿದ್ದಾರೆ, ಆದರೂ ಇದನ್ನು ಬರೆಯಲೇಬೇಕು. ನಾನು ಎಂಟನೇ ತರಗತಿಯಲ್ಲಿದ್ದಾಗ ನಿನ್ನ ಅಜ್ಜಿ ಅಂಕೋಲೆ ಪೇಟೆಯ ಬೀದಿಯಲ್ಲಿ ಬಸಳೆ ಮಾರುತ್ತಿದ್ದಳು. ಒಂದು ದಿನ ಗೆಳತಿಯರ ಜೊತೆ ಹೋಗುತ್ತಿದ್ದೆ, "ಏ ರುಕ್ಮೀ" ಎಂದು ಕೂಗಿದಳು. ಯಾರೇ ಅದು ಎಂದು ಗೆಳತಿ ಕೇಳಿದಾಗ ಗೊತ್ತಿಲ್ಲ ಎಂದೆ. ಅವ್ವನಿಗೆ ಕೇಳಿಸಿತು. ಸಂಜೆ ಮನೆಗೆ ಬಂದವಳು ದಿನದ ಹಾಗೆ ನನ್ನ ತಲೆಗೆ ಎಣ್ಣೆ ಹಚ್ಚಿ ಜಡೆ ಹಾಕಿದಳು. ಅವಳು ಸಾಯುವವರೆಗೂ ಆ ಮಾತು ಎತ್ತಲು ನನಗೆ ಧೈರ್ಯವಾಗಲಿಲ್ಲ. ನೀನು ಅಷ್ಟು ವರ್ಷ ಕಾಯಬೇಡ. ಭಾನುವಾರ ಫೋನ್ ಮಾಡು. ತಪ್ಪಾಯಿತು ಎನ್ನುವುದೆಲ್ಲ ಬೇಡ, ಇವತ್ತು ಎಂತ ಸಾರು ಎಂದು ಕೇಳು, ಸಾಕು.